ನಡುಮಟ್ಟದ ಎಲೆ ಬಂದಾಗ ಆಲ್-ಇನ್ ಯಾವಾಗ?

ಪೋಕರ್ ಟೂರ್ನಮೆಂಟೊಂದು ನಡುಘಟ್ಟಕ್ಕೆ ಬಂದಿದೆ ಎಂದುಕೊಳ್ಳೋಣ. ಬ್ಲೈಂಡ್‌ಗಳು, ಅಂದರೆ ಎಲೆ ನೋಡುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಪಣಗಳು, 500 (ಸ್ಮಾಲ್) ಮತ್ತು 1,000ಕ್ಕೆ (ಬಿಗ್) ಏರಿವೆ. ನಿಮ್ಮ ಬಳಿ ಇರುವುದು 10,000 ಚಿಪ್. ನೀವು ಸ್ಮಾಲ್ ಬ್ಲೈಂಡ್‌ನಲ್ಲಿ ಕುಳಿತಿದ್ದೀರಿ. ಉಳಿದವರೆಲ್ಲ ಎಲೆ ಬಿಟ್ಟಾಗಿದೆ, ಎಡಗಡೆಯ ಬಿಗ್ ಬ್ಲೈಂಡ್ ಆಟಗಾರ ಮಾತ್ರ ಉಳಿದಿದ್ದಾನೆ, ಅವನ ಬಳಿಯೂ ಅಷ್ಟೇ ಚಿಪ್ ಇದೆ. ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ತುಸು ಎತ್ತಿ ನೋಡಿದರೆ ಇಸ್ಪೀಟ್ 9 ಮತ್ತು ಇಸ್ಪೀಟ್ 7. ಎಸೆದುಬಿಡಲು ಮನಸ್ಸು ಬಾರದ, ಹಾಗೆಂದು ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಲು ಧೈರ್ಯವೂ ಸಾಲದ ಕೈ ಇದು.

ಇಂಥ ಹೊತ್ತಿನಲ್ಲಿ ಹೆಚ್ಚಿನ ಆಟಗಾರರು ತಮ್ಮನ್ನು ಕೇಳಿಕೊಳ್ಳುವುದು "ಈ ಕೈ ಚೆನ್ನಾಗಿದೆಯೇ?" ಎಂದು. ನನ್ನ ಮಟ್ಟಿಗೆ ದಾರಿ ತಪ್ಪುವುದು ಈ ಪ್ರಶ್ನೆಯಿಂದಲೇ. ಚೆನ್ನಾಗಿಲ್ಲ ಎಂಬುದು ಎಲೆ ನೋಡಿದಾಗಲೇ ಗೊತ್ತಾಗಿದೆ. ಕೇಳಿಕೊಳ್ಳಬೇಕಾದದ್ದು ಬೇರೆ: ನಾನು ಆಲ್-ಇನ್ ಹೋದರೆ, ಅಂದರೆ ಇದ್ದ ಚಿಪ್ಪನ್ನೆಲ್ಲ ಒಡ್ಡಿದರೆ, ಎದುರಿನವನು ನೂರರಲ್ಲಿ ಎಷ್ಟು ಸಲ ಫೋಲ್ಡ್ ಮಾಡುತ್ತಾನೆ (ಎಲೆ ಬಿಡುತ್ತಾನೆ), ಮತ್ತು ಅವನು ಕಾಲ್ ಮಾಡಿದ (ಅಷ್ಟೇ ಪಣ ಒಡ್ಡಿದ) ಸಲಗಳಲ್ಲಿ ನನ್ನ ಗೆಲುವಿನ ಪಾಲು ಎಷ್ಟು ಉಳಿದಿರುತ್ತದೆ? ಮೊದಲನೆಯದನ್ನು ಆಟಗಾರರು ಫೋಲ್ಡ್ ಈಕ್ವಿಟಿ ಎನ್ನುತ್ತಾರೆ, ಎರಡನೆಯದನ್ನು ಬರಿಯ ಈಕ್ವಿಟಿ. ಎಕ್ಕದ ಜೋಡಿಗೆ ಮೊದಲನೆಯದು ಬೇಕಿಲ್ಲ, ಯಾರಾದರೂ ಕಾಲ್ ಮಾಡಲಿ ಎಂದೇ ಅದು ಕಾಯುತ್ತದೆ. ನಡುಮಟ್ಟದ ಕೈ ಮಾತ್ರ ಈ ಎರಡನ್ನೂ ಕೂಡಿಸಿಕೊಂಡೇ ಬದುಕಬೇಕು, ಒಂದರಿಂದಲೇ ಅದರ ಹೊಟ್ಟೆ ತುಂಬುವುದಿಲ್ಲ.

ಇಲ್ಲಿ ಹೇಳುತ್ತಿರುವುದು ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಬಗ್ಗೆ. ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ, ಎಲ್ಲರಿಗೂ ಸೇರಿ ಐದು ಬಯಲು ಎಲೆ (ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್), ಯಾವ ಸುತ್ತಿನಲ್ಲಾದರೂ ತನ್ನಲ್ಲಿರುವ ಚಿಪ್ಪನ್ನೆಲ್ಲ ಒಡ್ಡುವ ಸ್ವಾತಂತ್ರ್ಯ. 52 ಎಲೆಗಳಿಂದ ಎರಡನ್ನು ಆರಿಸಲು 1,326 ದಾರಿಗಳಿವೆ. ಗುರುತುಗಳ ಹೆಸರನ್ನು ಬದಿಗಿಟ್ಟು ಒಂದೇ ಗುರುತಿನವು, ಬೇರೆ ಗುರುತಿನವು, ಜೋಡಿಗಳು ಎಂದಷ್ಟೇ ವಿಂಗಡಿಸಿದರೆ 169 ಬಗೆಯ ಕೈಗಳಾಗುತ್ತವೆ. ಇವುಗಳಲ್ಲಿ ಯಾರೂ ಅನುಮಾನಿಸದ ಕೈಗಳು ಬೆರಳೆಣಿಕೆಯಷ್ಟು. ಕೆಳತುದಿಯ ಕಸವನ್ನು ತೆಗೆದುಹಾಕಿದ ಮೇಲೆ ಉಳಿಯುವ ದೊಡ್ಡ ರಾಶಿಯೇ ನಡುಮಟ್ಟದ್ದು.

ಈಗ 9-7ರ ಲೆಕ್ಕ ಹಾಕೋಣ. ನೀವು 500 ಚಿಪ್ಪನ್ನು ಸ್ಮಾಲ್ ಬ್ಲೈಂಡ್ ಆಗಿ ಆಗಲೇ ಇಟ್ಟಿರುವುದರಿಂದ ಫೋಲ್ಡ್ ಮಾಡಿದರೆ ಕೈಯಲ್ಲಿ 9,500 ಉಳಿಯುತ್ತದೆ. ಆಲ್-ಇನ್ ಹೋಗಿ ಅವನು ಫೋಲ್ಡ್ ಮಾಡಿದರೆ ಅವನ 1,000 ಸೇರಿ ನಿಮ್ಮದು 11,000 ಆಗುತ್ತದೆ. ಅವನು ಕಾಲ್ ಮಾಡಿದರೆ ಪಾಟ್, ಅಂದರೆ ಮೇಜಿನ ನಡುವೆ ಸೇರಿದ ಒಟ್ಟು ಪಣ, 20,000 ಆಗುತ್ತದೆ. ಅವನು ಮೇಲಿನ ಶೇಕಡಾ 35ರಷ್ಟು ಕೈಗಳಿಂದ ಕಾಲ್ ಮಾಡುತ್ತಾನೆ, ಆ ಕೈಗಳ ಎದುರು ನಿಮ್ಮ 9-7ರ ಪಾಲು ಸುಮಾರು ಶೇಕಡಾ 40 ಎಂದಿಟ್ಟುಕೊಂಡರೆ, ಕಾಲ್ ಬಂದಾಗಿನ ಸರಾಸರಿ ಬೆಲೆ 8,000. ನೂರರಲ್ಲಿ 65 ಸಲ 11,000 ಮತ್ತು 35 ಸಲ 8,000 ಕೂಡಿಸಿ ಸರಾಸರಿ ತೆಗೆದರೆ 9,950 ಬರುತ್ತದೆ. ಫೋಲ್ಡ್ ಮಾಡಿದರೆ ಉಳಿಯುವ 9,500ಕ್ಕಿಂತ ಇದು 450 ಹೆಚ್ಚು. ಕಾಲ್ ಬಂದಾಗಲೆಲ್ಲ ನೀವು ಹಿಂದೆ ಬಿದ್ದಿದ್ದೀರಿ, ಆದರೂ ಒಟ್ಟು ನಡೆ ಲಾಭದ್ದು. ಈ ವಿಚಿತ್ರವನ್ನು ಅರಗಿಸಿಕೊಳ್ಳಲು ಹೊಸ ಆಟಗಾರರಿಗೆ ಸಾಕಷ್ಟು ಸಮಯ ಬೇಕಾಗುತ್ತದೆ. ಕಾಲ್ ಬಂದು ಎಲೆ ತೋರಿಸುವಾಗ ಆಗುವ ಮುಜುಗರ ನೆನಪಿನಲ್ಲಿ ಉಳಿಯುತ್ತದೆ, ಸದ್ದಿಲ್ಲದೆ ಕೈಸೇರಿದ ಬ್ಲೈಂಡ್‌ಗಳು ಉಳಿಯುವುದಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಅಂಶ ಅಡಗಿದೆ. 11,000 ಮತ್ತು 8,000ದ ನಡುವೆ 9,500 ಸರಿಯಾಗಿ ಮಧ್ಯದಲ್ಲಿ ಬರುತ್ತದೆ. ಅಂದರೆ ಪಾಲು 40ರಲ್ಲೇ ನಿಂತಿದ್ದರೆ, ಎದುರಿನವನು ಅರ್ಧದಷ್ಟು ಸಲ ಕಾಲ್ ಮಾಡಿದರೂ ನಿಮಗೆ ನಷ್ಟವಿಲ್ಲ. ಚಿಪ್ ಬದಲಾದರೆ ಈ ಗಡಿ ಎಲ್ಲಿಗೆ ಸರಿಯುತ್ತದೆ ಎಂಬುದೇ ಇಡೀ ವಿಷಯದ ಜೀವಾಳ. ಇಬ್ಬರ ಬಳಿಯೂ 5,000 ಮಾತ್ರ, ಅಂದರೆ ಐದು ಬಿಗ್ ಬ್ಲೈಂಡ್ ಇದ್ದರೆ, ಅವನು ನೂರರಲ್ಲಿ 75 ಸಲ ಕಾಲ್ ಮಾಡುವವರೆಗೂ ನೀವು ಸುರಕ್ಷಿತ. 20,000 ಇದ್ದರೆ ಗಡಿ 30ಕ್ಕೆ ಇಳಿಯುತ್ತದೆ, 40,000 ಇದ್ದರೆ 17ರ ಹತ್ತಿರಕ್ಕೆ. ಎಲೆಗಳು ಅವೇ, ಎದುರಾಳಿಯೂ ಅವನೇ, ಗೆಲ್ಲಬಹುದಾದ ಬ್ಲೈಂಡೂ ಅಷ್ಟೇ; ಅದಕ್ಕಾಗಿ ಒಡ್ಡುವ ಮೊತ್ತ ಮಾತ್ರ ಬೆಳೆದಿದೆ. 35 ಸಲ ಕಾಲ್ ಮಾಡುವ ಅದೇ ಆಟಗಾರನ ಎದುರು 20,000 ಚಿಪ್ಪಿನ ಆಲ್-ಇನ್ ಸರಾಸರಿ 250 ಚಿಪ್ ಕಳೆಯುತ್ತದೆ. ಹತ್ತು ಬಿಗ್ ಬ್ಲೈಂಡ್‌ನಲ್ಲಿ ಜಾಣತನವಾಗಿದ್ದದ್ದು ಇಪ್ಪತ್ತರಲ್ಲಿ ದುಡುಕಾಗುವುದು ಹೀಗೆ. ಚಿಪ್ಪಿನ ರಾಶಿಯನ್ನು ಸಂಖ್ಯೆಯಲ್ಲಿ ಅಳೆಯದೆ ಬಿಗ್ ಬ್ಲೈಂಡ್‌ಗಳಲ್ಲಿ ಅಳೆಯುವ ಅಭ್ಯಾಸ ಇಲ್ಲದವರು ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ.

ಹಾಗಾದರೆ ಒಳ್ಳೆಯ ಎಲೆ ಬರುವವರೆಗೆ ಕಾಯಬಾರದೇಕೆ? ಕಾಯುವುದಕ್ಕೂ ಬೆಲೆ ತೆರಬೇಕು ಎಂಬುದು ಇದಕ್ಕೆ ಉತ್ತರ, ಮತ್ತು ಆ ಬೆಲೆಯನ್ನು ಎಣಿಸಬಹುದು. 9ರ ಜೋಡಿಯಿಂದ ಎಕ್ಕದ ಜೋಡಿಯವರೆಗಿನ ಆರು ಜೋಡಿಗಳು, ಜೊತೆಗೆ ಎಕ್ಕ-ರಾಜ, ಇಷ್ಟನ್ನೇ ಒಳ್ಳೆಯ ಕೈ ಎಂದು ಹಟ ಹಿಡಿದರೆ ಅವು 1,326ರಲ್ಲಿ 52 ಮಾತ್ರ. ಸರಾಸರಿ 25 ಆಟಗಳಿಗೆ ಒಮ್ಮೆ ಬರುವಷ್ಟು ಅಪರೂಪ. ಒಂಬತ್ತು ಜನರ ಮೇಜಿನಲ್ಲಿ ಅದು ಹತ್ತಿರಹತ್ತಿರ ಮೂರು ಸುತ್ತು, ಸುತ್ತಿಗೆ 1,500ರಂತೆ 4,200ಕ್ಕೂ ಹೆಚ್ಚು ಚಿಪ್. ಆ ಹೊತ್ತಿಗೆ ನಿಮ್ಮ 10,000 ಸವೆದು 5,750ರ ಆಸುಪಾಸಿಗೆ ಬಂದಿರುತ್ತದೆ. ಬಯಸಿದ ಕೈ ಬಂದು, ಯಾರೋ ಕಾಲ್ ಮಾಡಿ, ನೀವು ಗೆದ್ದು ದುಪ್ಪಟ್ಟಾದರೂ ಹೊರಟ ಜಾಗಕ್ಕಿಂತ ಸ್ವಲ್ಪವೇ ಮುಂದೆ ನಿಂತಿರುತ್ತೀರಿ. ಪ್ರತಿ ಆಟಕ್ಕೂ ಪ್ರತಿಯೊಬ್ಬರಿಂದ 100 ಚಿಪ್ ಆ್ಯಂಟಿ (ಎಲ್ಲರೂ ಇಡಬೇಕಾದ ಚಿಕ್ಕ ಪಣ) ಇದ್ದರಂತೂ ಸುತ್ತಿಗೆ 2,400 ಖರ್ಚು. ಮೂರು ಸುತ್ತು ಮುಗಿಯುವ ಮುನ್ನವೇ 3,200ಕ್ಕೆ ಇಳಿದಿರುತ್ತೀರಿ, ಅದನ್ನು ದುಪ್ಪಟ್ಟು ಮಾಡಿದರೂ ಮೊದಲಿನ 10,000 ಮರಳುವುದಿಲ್ಲ. ಈ ನಡುವೆ ಬ್ಲೈಂಡ್ ಇನ್ನೊಂದು ಮೆಟ್ಟಿಲು ಏರದೇ ಇದ್ದರೆ ಅದು ಪುಣ್ಯ.

ಈ ಸವೆತವನ್ನು ಅಳೆಯಲು ಎಂ ಎಂಬ ಸಂಖ್ಯೆ ಬಳಕೆಯಲ್ಲಿದೆ. ಬ್ಯಾಕ್‌ಗ್ಯಾಮನ್ ಆಟಗಾರರೂ ಆಗಿದ್ದ ಪಾಲ್ ಮ್ಯಾಗ್ರಿಯಲ್ ಅವರ ಕುಲನಾಮದ ಮೊದಲ ಅಕ್ಷರ ಅದು. 1995ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ಅದನ್ನು ಮನೆಮಾತಾಗಿಸಿದರು. ನಿಮ್ಮ ಚಿಪ್ಪನ್ನು ಒಂದು ಸುತ್ತಿನ ಖರ್ಚಿನಿಂದ ಭಾಗಿಸಿದರೆ ಎಂ ಸಿಗುತ್ತದೆ. ಆ್ಯಂಟಿ ಇಲ್ಲದ ನಮ್ಮ ಉದಾಹರಣೆಯಲ್ಲಿ ಅದು 6.7, ಆ್ಯಂಟಿ ಸೇರಿದರೆ 4.2. ಹ್ಯಾರಿಂಗ್ಟನ್ ಪ್ರಕಾರ 20ಕ್ಕಿಂತ ಮೇಲಿದ್ದರೆ ಎಲ್ಲ ಬಗೆಯ ಆಟಕ್ಕೂ ಅವಕಾಶವಿದೆ. 5ಕ್ಕಿಂತ ಕೆಳಗಿಳಿದರೆ ಉಳಿಯುವ ಆಯ್ಕೆ ಆಲ್-ಇನ್ ಅಥವಾ ಫೋಲ್ಡ್ ಎರಡೇ.

ನಡುವಿನ ದಾರಿಯೊಂದನ್ನು ಹುಡುಕುವವರೂ ಇದ್ದಾರೆ. ಎಂಟು ಬಿಗ್ ಬ್ಲೈಂಡ್ ಇಟ್ಟುಕೊಂಡು ಪಣವನ್ನು ಎರಡೂವರೆಗೆ ಏರಿಸಿ, ಪ್ರತಿರೋಧ ಬಂದರೆ ಫೋಲ್ಡ್ ಮಾಡೋಣ ಎಂಬ ಯೋಚನೆ ಅವರದು. ಎದುರಿನ ಬಿಗ್ ಬ್ಲೈಂಡ್ ಆಟಗಾರ ಆಲ್-ಇನ್ ಹೇಳಿದ ಮೇಲೆ ಲೆಕ್ಕ ನೋಡಿ: ನಿಮ್ಮ ಎರಡೂವರೆ, ಅವನ ಎಂಟು, ಫೋಲ್ಡ್ ಮಾಡಿದ ಸ್ಮಾಲ್ ಬ್ಲೈಂಡ್‌ನ ಅರ್ಧ ಸೇರಿ ಪಾಟ್‌ನಲ್ಲಿ 11 ಇದೆ, ನೀವು ಸೇರಿಸಬೇಕಾದದ್ದು ಐದೂವರೆ. ಹದಿನಾರೂವರೆಯ ಪಾಟ್‌ಗೆ ಐದೂವರೆ ಎಂದರೆ ಮೂರರಲ್ಲಿ ಒಂದು ಸಲ ಗೆದ್ದರೂ ಸಾಕು. ಯಾವ ನಡುಮಟ್ಟದ ಕೈಗೂ ಬಹುತೇಕ ಅಷ್ಟು ಪಾಲು ಇದ್ದೇ ಇರುತ್ತದೆ, ಆದ್ದರಿಂದ ಫೋಲ್ಡ್ ಮಾಡುವುದು ತಪ್ಪು. ಆದರೆ ಕಾಲ್ ಮಾಡಿದರೆ, ಕೊನೆಗೆ ಎಲ್ಲ ಚಿಪ್ಪೂ ಒಳಗೆ ಹೋಗಿದೆ, ಅವನನ್ನು ಫೋಲ್ಡ್ ಮಾಡಿಸುವ ಅವಕಾಶ ಮಾತ್ರ ನಿಮ್ಮ ಕೈತಪ್ಪಿದೆ. ಕೊನೆಯ ಒತ್ತಡವನ್ನು ಹೇರುವವನು ನೀವಾಗಿರಬೇಕಿತ್ತು, ಅದನ್ನು ಅವನಿಗೆ ಬಿಟ್ಟುಕೊಟ್ಟಿರಿ. ನಾನು ನೋಡಿದ ಮಟ್ಟಿಗೆ ಚಿಕ್ಕ ರಾಶಿಯವರು ಅತಿ ಹೆಚ್ಚು ಸಲ ಮಾಡುವ ತಪ್ಪು ಇದೇ, ಅದೂ ಎಚ್ಚರಿಕೆಯ ಹೆಸರಿನಲ್ಲಿ.

ನಡುಮಟ್ಟದ ಕೈಗಳೆಲ್ಲ ಒಂದೇ ತೆರನಲ್ಲ. ಬೇರೆ ಗುರುತಿನ ಎಕ್ಕ-4 ಯಾವುದೋ ಎರಡು ಎಲೆಗಳ ಎದುರು ನೂರರಲ್ಲಿ ಸುಮಾರು 57ರಷ್ಟು ಗೆಲ್ಲುತ್ತದೆ. ಒಂದೇ ಗುರುತಿನ 9-7 ಅರ್ಧಕ್ಕಿಂತ ತುಸು ಕಡಿಮೆ. ಕಾಗದದ ಮೇಲೆ ಎಕ್ಕ-4 ಮುಂದಿದೆ. ಆದರೆ ಕಾಲ್ ಮಾಡುವವರು ಯಾವುದೋ ಎರಡು ಎಲೆ ಹಿಡಿದು ಕಾಲ್ ಮಾಡುವುದಿಲ್ಲ. ಎಕ್ಕ-ರಾಜ ಎದುರಾದರೆ ಎಕ್ಕ-4ರ ಪಾಲು ಕಾಲು ಭಾಗದ ಹತ್ತಿರಕ್ಕೆ ಕುಸಿಯುತ್ತದೆ, ಏಕೆಂದರೆ ಎಕ್ಕ ಬಂದರೂ ಅದು ಇಬ್ಬರಿಗೂ ಬಂದಂತೆ. 9-7 ಅದೇ ಎಕ್ಕ-ರಾಜದ ಎದುರು ಶೇಕಡಾ 40ರಷ್ಟು ಉಳಿಸಿಕೊಳ್ಳುತ್ತದೆ. ಅದರ ಎರಡೂ ಎಲೆಗಳು ಜೀವಂತ, ಸ್ಟ್ರೇಟ್ (ಸಾಲಾಗಿ ಬರುವ ಐದು ಅಂಕಿ) ಮತ್ತು ಫ್ಲಶ್‌ನ (ಒಂದೇ ಗುರುತಿನ ಐದು ಎಲೆ) ಹಾದಿಗಳೂ ತೆರೆದಿವೆ. ದೊಡ್ಡ ಜೋಡಿ ಎದುರಾದರೆ ಮಾತ್ರ ಐದರಲ್ಲಿ ಒಂದು ಸಲದ ಆಸುಪಾಸು.

ಎಕ್ಕ-4ರ ಪರವಾಗಿಯೂ ಹೇಳಲು ಒಂದು ಮಾತಿದೆ. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಎದುರಿನವನಲ್ಲಿ ಎಕ್ಕದ ಜೋಡಿ ಇರಬಹುದಾದ ದಾರಿಗಳು 6ರಿಂದ 3ಕ್ಕೆ, ಎಕ್ಕ-ರಾಜ ಇರಬಹುದಾದ ದಾರಿಗಳು 16ರಿಂದ 12ಕ್ಕೆ ಇಳಿಯುತ್ತವೆ. ಅವನು ಕಾಲ್ ಮಾಡಲು ಬಯಸುವ ಎಲೆಯನ್ನೇ ನೀವು ಹಿಡಿದುಕೊಂಡಿದ್ದೀರಿ. ಆದ್ದರಿಂದ ಎಕ್ಕ-4 ಫೋಲ್ಡ್ ಮಾಡಿಸುವುದರಲ್ಲಿ ಗಟ್ಟಿ, 9-7 ಕಾಲ್ ಬಂದ ಮೇಲೆ ತಾಳಿಕೊಳ್ಳುವುದರಲ್ಲಿ ಗಟ್ಟಿ. ಚಿಕ್ಕ ಜೋಡಿಗಳದು ಮೂರನೆಯ ಸ್ವಭಾವ: 2ರ ಜೋಡಿ ಎಕ್ಕ-ರಾಜದ ಎದುರು ಅರ್ಧಕ್ಕಿಂತ ಕೊಂಚ ಮುಂದಿರುತ್ತದೆ, ಯಾವುದೇ ದೊಡ್ಡ ಜೋಡಿಯ ಎದುರು ಐದರಲ್ಲಿ ಒಂದು ಸಲವೂ ಕಷ್ಟ.

ಕುಳಿತ ಜಾಗವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ನಂತರದ ಪ್ರತಿಯೊಬ್ಬನೂ ಶೇಕಡಾ 15ರಷ್ಟು ಕೈಗಳಿಂದ ಕಾಲ್ ಮಾಡುತ್ತಾನೆಂದರೆ, ಇಬ್ಬರೇ ಉಳಿದಿರುವಾಗ ಇಬ್ಬರೂ ಫೋಲ್ಡ್ ಮಾಡುವ ಸಾಧ್ಯತೆ 72. ಎಂಟು ಜನ ಉಳಿದಿರುವಾಗ ಅದು 27ಕ್ಕೆ ಬೀಳುತ್ತದೆ. ಕೊನೆಯ ಜಾಗಗಳಲ್ಲಿ ಧಾರಾಳವಾಗಿ ತಳ್ಳಬಹುದಾದ 9-7ನ್ನು ಮೊದಲ ಜಾಗದಲ್ಲಿ ಮರುಮಾತಿಲ್ಲದೆ ಎಸೆಯುವುದು ಈ ಕಾರಣಕ್ಕೆ.

ಇಲ್ಲಿಯವರೆಗೆ ಹೇಳಿದ್ದು ತಳ್ಳುವವನ ಕಥೆ. ಇನ್ನೊಬ್ಬರು ಆಲ್-ಇನ್ ಹೇಳಿದಾಗ ಕಾಲ್ ಮಾಡುವವನಿಗೆ ಫೋಲ್ಡ್ ಈಕ್ವಿಟಿ ಎಂಬುದೇ ಇಲ್ಲ, ಎಲೆಯ ಬಲ ಒಂದೇ ಆಸರೆ. ಆದ್ದರಿಂದ ತಳ್ಳಲು ಸಾಕಾಗುವ ಕೈ ಕಾಲ್ ಮಾಡಲು ಸಾಲದು. ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್ಸ್ಕಿ ಈ ಅಂತರವನ್ನೇ ಗ್ಯಾಪ್ ಎಂದು ಕರೆದರು. ಎಷ್ಟು ಬಲ ಬೇಕು ಎಂಬುದನ್ನು ಪಾಟ್ ಹೇಳುತ್ತದೆ. ಸ್ಮಾಲ್ ಬ್ಲೈಂಡ್‌ನವನು 8,000 ತಳ್ಳಿದ್ದಾನೆ, ನೀವು ಬಿಗ್ ಬ್ಲೈಂಡ್‌ನಲ್ಲಿ 1,000 ಇಟ್ಟಾಗಿದೆ ಎಂದಿರಲಿ. ಇನ್ನೂ 7,000 ಕೊಟ್ಟರೆ ಪಾಟ್ 16,000 ಆಗುತ್ತದೆ, ಹಾಗಾಗಿ ಸುಮಾರು ಶೇಕಡಾ 44ರಷ್ಟು ಪಾಲು ಬೇಕು. ಬೇರೆ ಗುರುತಿನ ರಾಜ-5 ಯಾವುದೇ ಎರಡು ಎಲೆಗಳ ಎದುರು 53ರ ಹತ್ತಿರ ಗೆಲ್ಲುವುದರಿಂದ, ಎಡೆಬಿಡದೆ ತಳ್ಳುವ ಆಟಗಾರನ ಎದುರು ಅದು ಸುಲಭದ ಕಾಲ್. ಅದೇ 8,000 ಮೇಜಿನ ಮೊದಲ ಜಾಗದಿಂದ ಬಂದಿದ್ದರೆ ಬೇಕಾದ ಪಾಲು ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಜಾಗದಿಂದ ತಳ್ಳುವವನ ಎಲೆಗಳು ಎಷ್ಟೋ ಬಿಗಿಯಾಗಿರುತ್ತವೆ, ರಾಜ-5ನ್ನು ಆಗ ಎಸೆಯಬೇಕು.

ಎದುರಿನವನು ಎಷ್ಟು ಕೈಗಳಿಂದ ತಳ್ಳುತ್ತಾನೆ, ಎಷ್ಟರಿಂದ ಕಾಲ್ ಮಾಡುತ್ತಾನೆ ಎಂಬುದು ಗೊತ್ತಿಲ್ಲದಿದ್ದರೆ? ಅಲ್ಲಿ ನೆರವಿಗೆ ಬರುವುದು ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಮುಂದಿಟ್ಟ, 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಸಮತೋಲನದ ಕಲ್ಪನೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೊಬ್ಬರೂ ತಮ್ಮ ತಂತ್ರವನ್ನು ಮಾತ್ರ ಬದಲಿಸಿ ಲಾಭ ಪಡೆಯಲಾಗದ ಸ್ಥಿತಿ ಅದು. ಇಬ್ಬರೇ ಆಡುವಾಗ, ಹತ್ತು ಬಿಗ್ ಬ್ಲೈಂಡ್ ಇದ್ದಾಗ, ಆ ಲೆಕ್ಕದ ಪ್ರಕಾರ ಸ್ಮಾಲ್ ಬ್ಲೈಂಡ್‌ನವನು ಅರ್ಧಕ್ಕಿಂತ ಹೆಚ್ಚು ಕೈಗಳಿಂದ ತಳ್ಳಬೇಕು, ಬಿಗ್ ಬ್ಲೈಂಡ್‌ನವನು ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೈಗಳಿಂದ ಕಾಲ್ ಮಾಡಬೇಕು. ಮೊದಲ ಸಲ ಈ ಪಟ್ಟಿಯನ್ನು ನೋಡುವವರಿಗೆ ತಳ್ಳುವ ಪಟ್ಟಿ ಅತಿ ಧಾರಾಳ ಅನ್ನಿಸುತ್ತದೆ. ಎದುರಿನವನು ತೀರ ಸಡಿಲವಾಗಿ ಕಾಲ್ ಮಾಡುವವನಾದರೆ ಏನು ಗತಿ ಎಂಬ ಅಳುಕು ಸಹಜ, ಆದರೆ ಅಲ್ಲಿಯೂ ಒಂದು ಸಮಾಧಾನವಿದೆ: ಹೆಚ್ಚು ಕೈಗಳಿಂದ ಕಾಲ್ ಮಾಡುವವನು ಹೆಚ್ಚು ದುರ್ಬಲ ಕೈಗಳಿಂದಲೂ ಕಾಲ್ ಮಾಡುತ್ತಾನೆ. ಅವನು ಅರ್ಧದಷ್ಟು ಸಲ ಕಾಲ್ ಮಾಡಿ, ನಿಮ್ಮ 9-7ರ ಪಾಲು 40ರಿಂದ 43ಕ್ಕೆ ಏರಿದರೂ ಸಾಕು, ಲಾಭ ಸೊನ್ನೆಯಾಗುವ ಬದಲು 300 ಚಿಪ್ ಉಳಿಯುತ್ತದೆ.

ಬಯಲು ಎಲೆಗಳು ಬಿದ್ದ ಮೇಲೂ ಇದೇ ಎರಡು ಪ್ರಶ್ನೆಗಳು, ಆದರೆ ಉತ್ತರ ಅನೇಕರ ನಿರೀಕ್ಷೆಗೆ ತದ್ವಿರುದ್ಧ. ಫ್ಲಾಪ್‌ನಲ್ಲಿ ಒಬ್ಬರಿಗೆ ನಡು ಜೋಡಿ (ಬಯಲಿನ ನಡು ಅಂಕಿಯ ಎಲೆಯೊಂದಿಗೆ ಕೂಡಿದ ಜೋಡಿ) ಸಿಕ್ಕಿದೆ, ಇನ್ನೊಬ್ಬರಿಗೆ ಏನೂ ಸಿಕ್ಕಿಲ್ಲ, ಫ್ಲಶ್‌ಗೆ ಒಂದು ಎಲೆ ಮಾತ್ರ ಕಡಿಮೆ. ಆಲ್-ಇನ್‌ಗೆ ತಕ್ಕ ಕೈ ಸಾಮಾನ್ಯವಾಗಿ ಎರಡನೆಯದು. ನಡು ಜೋಡಿ ಹಿಡಿದು ತಳ್ಳಿದರೆ ನಿಮಗಿಂತ ದುರ್ಬಲರು ಎದ್ದು ಹೋಗುತ್ತಾರೆ, ಬಲಶಾಲಿಗಳು ಉಳಿಯುತ್ತಾರೆ. ಫೋಲ್ಡ್ ಮಾಡಿಸಿದ್ದರಿಂದ ನಿಮಗೆ ಸಿಕ್ಕಿದ್ದು ಹೇಗೂ ಗೆಲ್ಲುತ್ತಿದ್ದ ಪಾಟ್ ಮಾತ್ರ. ಫ್ಲಶ್ ಕಾಯುವ ಕೈಗೆ ಬೇಕಾದ ಎಲೆಗಳು 9, ಟರ್ನ್ ಮತ್ತು ರಿವರ್ ಎರಡನ್ನೂ ನೋಡಿದರೆ ಶೇಕಡಾ 35ರಷ್ಟು ಸಲ ಅದು ಕೂಡಿಬರುತ್ತದೆ. ಪಾಟ್‌ನಲ್ಲಿ 1,000 ಇದ್ದು ನೀವು 1,000 ತಳ್ಳಿದರೆ, ಕಾಲ್ ಬಂದಾಗ 3,000ದ ಪಾಟ್‌ನಲ್ಲಿ ನಿಮ್ಮ ಪಾಲು 1,050. ಪ್ರತಿ ಸಲ ಕಾಲ್ ಬಂದರೂ 50 ಚಿಪ್ ಉಳಿಯುತ್ತದೆ, ಅವನು ಫೋಲ್ಡ್ ಮಾಡಿದ್ದೆಲ್ಲ ಮೇಲಿನ ಆದಾಯ. ಆದರೆ ಅದೇ ಪಾಟ್‌ಗೆ 3,000 ತಳ್ಳಿದರೆ ಕಾಲ್ ಬಂದಾಗಲೆಲ್ಲ ಸರಾಸರಿ 550 ಕಳೆಯುತ್ತದೆ, ಅದನ್ನು ತುಂಬಿಕೊಳ್ಳಲು ಅವನು ನೂರರಲ್ಲಿ 36 ಸಲವಾದರೂ ಫೋಲ್ಡ್ ಮಾಡಬೇಕು. ಎದುರಿನವನಲ್ಲಿ ಆಗಲೇ ಮೂರು ಒಂದೇ ಅಂಕಿಯ ಎಲೆಗಳಿದ್ದರೆ ನಿಮ್ಮ 35 ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ ಲೆಕ್ಕದಲ್ಲಿಡಬೇಕು.

ಫಲಿತಾಂಶವನ್ನು ನೋಡಿ ನಿರ್ಧಾರವನ್ನು ಅಳೆಯುವ ಚಟ ಇಲ್ಲಿ ಬಹಳ ತೊಂದರೆ ಕೊಡುತ್ತದೆ. ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್‌ನ ಮುಖ್ಯ ಸ್ಪರ್ಧೆ ಗೆದ್ದರು. ಎರಡೂ ವರ್ಷ ಕೊನೆಯ ಆಟದಲ್ಲಿ ಅವರ ಕೈಯಲ್ಲಿದ್ದುದು 10 ಮತ್ತು 2, ಎರಡೂ ಸಲ ಅದು ಫುಲ್ ಹೌಸ್ (ಒಂದು ಅಂಕಿಯ ಮೂರು, ಇನ್ನೊಂದರ ಎರಡು ಎಲೆ) ಆಯಿತು. ಆ ಕೈಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 1976ರಲ್ಲಿ ಎದುರಾಳಿ ಜೆಸ್ಸಿ ಆಲ್ಟೊ ಬಳಿ ಎಕ್ಕ ಮತ್ತು ಗುಲಾಮ ಇದ್ದವು. ಮೇಜಿನ ಮೇಲೆ ಎಕ್ಕ, ಗುಲಾಮ, 10, 2 ಬಿದ್ದಾಗ ಬ್ರನ್ಸನ್ ಅವರನ್ನು ಉಳಿಸಬಲ್ಲ ಎಲೆಗಳು ಕಾಣದ 44ರಲ್ಲಿ 4 ಮಾತ್ರ. ಕೊನೆಗೆ ಬಂದದ್ದು 10. ಈ ಕಥೆ ಕೇಳಿ 10-2 ಹಿಡಿದು ತಳ್ಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಗದು ಆಟದಲ್ಲಿ ಬ್ಲೈಂಡ್ ಏರುವುದಿಲ್ಲ, ಚಿಪ್ ಮುಗಿದರೆ ಮತ್ತೆ ಕೊಳ್ಳಬಹುದು, ಸಾಮಾನ್ಯವಾಗಿ ನೂರು ಬಿಗ್ ಬ್ಲೈಂಡ್ ಮುಂದಿರುತ್ತದೆ. ಆದ್ದರಿಂದ ಫ್ಲಾಪ್‌ಗೆ ಮುನ್ನ ನಡುಮಟ್ಟದ ಕೈಯಿಂದ ಎಲ್ಲವನ್ನೂ ತಳ್ಳುವ ಸಂದರ್ಭವೇ ಅಲ್ಲಿ ಅಪರೂಪ. ಟೂರ್ನಮೆಂಟ್‌ನಲ್ಲಿ ಮಾತ್ರ ಇನ್ನೊಂದು ತೊಡಕಿದೆ: ಚಿಪ್ಪಿಗೂ ಬಹುಮಾನದ ಹಣಕ್ಕೂ ಸಂಬಂಧ ನೇರವಲ್ಲ. ನಾಲ್ವರು ಉಳಿದಿದ್ದಾರೆ, ಎಲ್ಲರ ಬಳಿಯೂ 5,000 ಚಿಪ್, ಒಟ್ಟು ಬಹುಮಾನದ ಶೇಕಡಾ 50, 30 ಮತ್ತು 20 ಮೊದಲ ಮೂವರಿಗೆ ಎಂದುಕೊಳ್ಳಿ. ಪ್ರತಿಯೊಬ್ಬರ ಪಾಲು 25. ನೀವು ಒಬ್ಬನನ್ನು ಹೊರಹಾಕಿ 10,000ಕ್ಕೆ ಏರಿದರೆ ನಿಮ್ಮ ಚಿಪ್ ದುಪ್ಪಟ್ಟಾಯಿತು. ಆದರೆ ಐಸಿಎಂ ಎಂದು ಆಟಗಾರರು ಕರೆಯುವ ಲೆಕ್ಕದಲ್ಲಿ, ಚಿಪ್ಪಿನ ಪ್ರಮಾಣಕ್ಕೆ ತಕ್ಕಂತೆ ಒಂದು, ಎರಡು, ಮೂರನೆಯ ಸ್ಥಾನಗಳ ಸಾಧ್ಯತೆ ಹಂಚಿದರೆ, ನಿಮ್ಮ ಪಾಲು 50 ಆಗುವುದಿಲ್ಲ, 38.3 ಆಗುತ್ತದೆ. 25ನ್ನು ಒಡ್ಡಿ 38.3 ಪಡೆಯಬೇಕೆಂದರೆ ಶೇಕಡಾ 65ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ನೂರರಲ್ಲಿ 55 ಸಲ ಗೆಲ್ಲುವ ಕೈಯೂ ಇಲ್ಲಿ ನಷ್ಟದ ಕಾಲ್, ಅದರ ಬೆಲೆ 21ರ ಆಸುಪಾಸಿಗೆ ಬೀಳುತ್ತದೆ.

ಈ 65 ಕಾಲ್ ಮಾಡುವವನಿಗೆ ಅನ್ವಯಿಸುವ ಸಂಖ್ಯೆ ಎಂಬುದನ್ನು ಗಮನಿಸಬೇಕು. ಅವನಿಗೆ ಆ ಭಯವಿದ್ದರೆ ಅವನು ಹೆಚ್ಚು ಫೋಲ್ಡ್ ಮಾಡುತ್ತಾನೆ, ಅವನ ಭಯ ನಿಮ್ಮ ಫೋಲ್ಡ್ ಈಕ್ವಿಟಿಯಾಗುತ್ತದೆ. ಮೊದಲಿನ ಇಸ್ಪೀಟ್ 9-7 ಮತ್ತು 10,000 ಚಿಪ್ಪಿಗೆ ಮರಳೋಣ, ಈಗ ಒಬ್ಬ ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಎಂದಿರಲಿ. ಬಿಗ್ ಬ್ಲೈಂಡ್‌ನಲ್ಲಿ ಕುಳಿತವನ ಬಳಿ 9,000 ಇದ್ದು, ಮೇಜಿನ ಆಚೆ ಬದಿಯಲ್ಲಿ 1,500 ಚಿಪ್ ಇಟ್ಟುಕೊಂಡು ಯಾರೋ ಕೊನೆಯುಸಿರು ಎಳೆಯುತ್ತಿದ್ದರೆ, ಅವನಿಗೆ ಸಾಧಾರಣ ಎಕ್ಕದಿಂದಲೂ ಕಾಲ್ ಮಾಡಲು ಕೈ ಬರುವುದಿಲ್ಲ, ಆದ್ದರಿಂದ ತಳ್ಳಬಹುದು. ಅದೇ ಜಾಗದಲ್ಲಿ 60,000 ಚಿಪ್ಪಿನವನು ಕುಳಿತಿದ್ದರೆ ಅವನು ನಿಮಗೆ ಸೋತರೂ ಆಟದಲ್ಲೇ ಇರುತ್ತಾನೆ, ನೀವು ಸೋತರೆ ಬರಿಗೈಯಲ್ಲಿ ಏಳುತ್ತೀರಿ. ಅವನು ನಿರಾಳವಾಗಿ ಕಾಲ್ ಮಾಡುತ್ತಾನೆ. ಆಗ ಅವೇ 9 ಮತ್ತು 7ನ್ನು ಮುಖ ಕೆಳಗೆ ಮಾಡಿ ಡೀಲರ್ ಕಡೆಗೆ ಸರಿಸಿ, 1,500 ಚಿಪ್ಪಿನವನಿಗೆ ಬ್ಲೈಂಡ್ ಬರುವುದನ್ನು ಕಾಯಬೇಕು.